ಅಮೀನ್‌ನನ್ನು ಓಡಿಸಿದ್ದು ಸರಿ, ಆಮೇಲಿನ ಲೆಕ್ಕ?

ನೆರೆಹೊರೆಗೆ ಕಂಟಕನಾದ ಸರ್ವಾಧಿಕಾರಿಯನ್ನು ಸೈನ್ಯ ನುಗ್ಗಿಸಿ ಇಳಿಸುವುದು ಎಂದಾದರೂ ನ್ಯಾಯವಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ಎಲ್ಲರೂ ಹಿಟ್ಲರ್‌ನ ಹೆಸರು ತೆಗೆಯುತ್ತಾರೆ, ವಾದ ಅಲ್ಲಿಗೇ ಮುಗಿಯುತ್ತದೆ. ತೊಂಬತ್ತರ ದಶಕದಲ್ಲಿ ಆರು ವರ್ಷ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡಿದ ನನಗೆ ಮೊದಲು ನೆನಪಾಗುವುದು ಬೇರೆ ಯುದ್ಧ: 1979ರಲ್ಲಿ ತಾಂಜಾನಿಯಾದ ಸೈನ್ಯ ಉಗಾಂಡಾದ ಇದಿ ಅಮೀನ್‌ನನ್ನು ಓಡಿಸಿದ್ದು.

ಅಮೀನ್ ಗದ್ದುಗೆ ಹಿಡಿದದ್ದು 1971ರ ಜನವರಿಯಲ್ಲಿ, ಅಧ್ಯಕ್ಷ ಒಬೋಟೆ ಸಿಂಗಪುರದ ಸಭೆಗೆ ಹೋಗಿದ್ದಾಗ. ಮರುವರ್ಷ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅವನ ಆಡಳಿತದಲ್ಲಿ ಸತ್ತವರ ಲೆಕ್ಕ ಲಕ್ಷಗಳಲ್ಲಿದೆ. ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೇರೆ ಒಬೋಟೆಗೆ ಆಶ್ರಯ ಕೊಟ್ಟರು. 1972ರಲ್ಲಿ ಒಬೋಟೆಯ ಬೆಂಬಲಿಗರು ತಾಂಜಾನಿಯಾದ ನೆಲದಿಂದಲೇ ಉಗಾಂಡಾಕ್ಕೆ ನುಗ್ಗಿ ಸೋತು ಬಂದರು. ಆದ್ದರಿಂದ ನ್ಯೆರೇರೆ ತೀರಾ ಅಮಾಯಕರು ಎಂದು ನಾನು ಹೇಳುವುದಿಲ್ಲ. ಆದರೂ ಅಮೀನ್ ಎಷ್ಟು ಕೊಲೆ ಮಾಡಿಸಿದರೂ ತಮ್ಮ ಸೈನ್ಯವನ್ನು ಅವರು ಏಳು ವರ್ಷ ಗಡಿ ದಾಟಿಸಲಿಲ್ಲ.

1978ರ ಅಕ್ಟೋಬರ್ ಕೊನೆಯಲ್ಲಿ ಅಮೀನ್‌ನ ಸೈನಿಕರೇ ಈ ಕಡೆ ಬಂದರು. ಕಗೇರಾ ನದಿಯ ಉತ್ತರಕ್ಕೆ ತಾಂಜಾನಿಯಾದ ಸುಮಾರು 1,800 ಚದರ ಕಿಲೋಮೀಟರ್ ನೆಲವಿದೆ. ಅಲ್ಲಿ ಜನರನ್ನು ಕೊಂದು, ದನಕರುಗಳನ್ನು ಹೊಡೆದುಕೊಂಡು ಹೋಗಿ, ಸಕ್ಕರೆ ಕಾರ್ಖಾನೆಯನ್ನು ದೋಚಿದರು. ಕ್ಯಾಕಾ ಸೇತುವೆಯನ್ನು ಸಿಡಿಸಿ, ನದಿಯವರೆಗಿನ ನೆಲ ಇನ್ನು ಉಗಾಂಡಾದ್ದು ಎಂದು ಸಾರಿದರು.

ನಮ್ಮ ಕಚೇರಿಯ ವಾಹನಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಅಲ್ಲಿಯ ರೂಢಿಯಂತೆ ಎಲ್ಲರೂ ಅವರನ್ನು ‘ಮ್ಜೀ’ ಎನ್ನುತ್ತಿದ್ದೆವು, ಹಿರಿಯರೇ ಎಂದರ್ಥ. ಆಗ ನ್ಯೆರೇರೆ ಮಾಡಿದ ಭಾಷಣವನ್ನು ಅವರು ಊಟದ ಹೊತ್ತಿನಲ್ಲಿ ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಮೆತ್ತಿದ ಬೆರಳುಗಳನ್ನೇ ಮಡಿಸುತ್ತ ಒಪ್ಪಿಸುತ್ತಿದ್ದರು. ಸಬಾಬು, ಒಂದು ಬೆರಳು. ನಿಯಾ, ಇನ್ನೊಂದು. ಉವೇಜೋ, ಮತ್ತೊಂದು. ಅವನನ್ನು ಹೊಡೆಯಲು ಕಾರಣವಿದೆ, ಮನಸ್ಸಿದೆ, ತಾಕತ್ತೂ ಇದೆ. ಇಷ್ಟು ವರ್ಷವಾದ ಮೇಲೂ ಅಲ್ಲಿ ಸಣ್ಣ ಮಕ್ಕಳಿಗೂ ಈ ಮೂರು ಮಾತು ಬರುತ್ತಿತ್ತು.

ಆಫ್ರಿಕಾ ಏಕತಾ ಸಂಘಟನೆ ಏನು ಮಾಡಿತು ಎನ್ನುತ್ತೀರಾ? ಇಬ್ಬರೂ ಜಗಳ ನಿಲ್ಲಿಸಿ ಎಂದಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾಳಿಯನ್ನು ಖಂಡಿಸಿ, ನಮ್ಮ ನೆಲ ತನ್ನದಲ್ಲ ಎಂದು ಅಮೀನ್‌ನಿಂದ ಹೇಳಿಸಿ ಎಂದು ನ್ಯೆರೇರೆ ಕೇಳಿದರು, ಎರಡೂ ಆಗಲಿಲ್ಲ.

ನಿಮ್ಮ ಪ್ರಶ್ನೆ ನಿಜವಾಗಿ ಕಠಿಣವಾಗುವುದು ಇಲ್ಲಿಂದ ಮುಂದೆ. ಕಗೇರಾವನ್ನು ಬಿಡಿಸಿಕೊಂಡದ್ದಕ್ಕೆ ಯಾರ ತಕರಾರೂ ಇರಲಾರದು, ಅದು ಆತ್ಮರಕ್ಷಣೆ. ಸೈನ್ಯ ಗಡಿಯಲ್ಲಿ ನಿಲ್ಲದೆ ಉಗಾಂಡಾದ ರಾಜಧಾನಿ ಕಂಪಾಲಾವರೆಗೆ ಹೋದದ್ದು? ಅಮೀನ್‌ನನ್ನು ಇಳಿಸುವುದು ಉಗಾಂಡಾದವರದೇ ಕೆಲಸ ಎಂದು ನ್ಯೆರೇರೆ ಮೊದಲು ಹೇಳುತ್ತಿದ್ದರು. ಆದರೆ ಉಗಾಂಡಾದ ದೇಶಭ್ರಷ್ಟರ ಪಡೆ ಚಿಕ್ಕದು; ಅತ್ತ ಲಿಬಿಯಾದ ಗಡಾಫಿ ಅಮೀನ್‌ನ ನೆರವಿಗೆ ಸಾವಿರಾರು ಸೈನಿಕರನ್ನು ಇಳಿಸಿದ. ತಾಂಜಾನಿಯಾದ ಸೈನ್ಯವೇ ಮುಂದುವರಿದು ಏಪ್ರಿಲ್ 11ರಂದು ಕಂಪಾಲಾ ಹಿಡಿಯಿತು. ಅಂತರರಾಷ್ಟ್ರೀಯ ಕಾನೂನಿನ ಅಕ್ಷರ ಹಿಡಿದರೆ ಇದು ಮಿತಿ ಮೀರಿದ್ದೇ. ನನ್ನ ಮಟ್ಟಿಗೆ ಸರಿ. ಕಗೇರಾದಲ್ಲಿ ನಿಂತಿದ್ದರೆ, ಮುಂದಿನ ಮಳೆಗಾಲಕ್ಕೆ ಅವನು ಮತ್ತೆ ಬರುವುದಿಲ್ಲ ಎಂದು ಆ ನದಿ ದಂಡೆಯ ರೈತನಿಗೆ ಯಾರು ಮಾತು ಕೊಡುತ್ತಿದ್ದರು?

ಸರಿ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಲಿಲ್ಲ. ಕಗೇರಾದಲ್ಲಿ ಕಂಡದ್ದರ ಸೇಡಿಗೆ ತಾಂಜಾನಿಯಾದ ಸೈನಿಕರು ಉಗಾಂಡಾದ ಮಸಾಕಾ ಪಟ್ಟಣದ ಕಟ್ಟಡಗಳನ್ನು ನೆಲಸಮ ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಅಮೀನ್ ಮಾಡಿದ್ದಕ್ಕೆ ಅಮೀನ್‌ನಿಂದಲೇ ನರಳಿದವರು ಪೆಟ್ಟು ತಿಂದರು. ಕಂಪಾಲಾ ಬಿದ್ದ ಮೇಲೆ ಅಧ್ಯಕ್ಷರಾಗಿ ಕೂತ ಯೂಸುಫ್ ಲೂಲೆ ಉಳಿದದ್ದು 68 ದಿನ. ಅವರ ನಂತರ ಬಂದವರನ್ನು ಮರುವರ್ಷ ಸೇನಾ ಮಂಡಳಿ ಇಳಿಸಿತು. 1980ರ ಡಿಸೆಂಬರ್‌ನಲ್ಲಿ ತಕರಾರಿನ ಚುನಾವಣೆ, ಮತ್ತೆ ಒಬೋಟೆ, ಮತ್ತೆ ಅಂತರ್ಯುದ್ಧ. ಲುವೆರೋ ಭಾಗದಲ್ಲಿ ಆಗ ಸತ್ತವರೇನು ಕಡಿಮೆಯಲ್ಲ. ಕಾಡಿನಿಂದ ಹೋರಾಡಿದ ಮುಸೆವೆನಿ 1986ರಲ್ಲಿ ಗೆದ್ದು ಕುರ್ಚಿ ಹಿಡಿದವರು ದಶಕಗಳೇ ಕಳೆದರೂ ಬಿಡಲಿಲ್ಲ.

ತಾಂಜಾನಿಯಾದ ಕಡೆಯ ಲೆಕ್ಕ ನನಗೆ ತಿಳಿದದ್ದು ಒಂದು ರಸೀದಿಯಿಂದ. ಆ ಕಾಲದಲ್ಲಿ ಮ್ಜೀ ಮ್ವಾನ್ಝಾದಲ್ಲಿ ಹತ್ತಿಯ ಮೂಟೆ ಸಾಗಿಸುವ ಲಾರಿ ಇಟ್ಟುಕೊಂಡಿದ್ದರಂತೆ. ಬಸ್ಸು, ಲಾರಿಗಳನ್ನೆಲ್ಲ ಸೇನೆ ವಶಕ್ಕೆ ಪಡೆದಾಗ ಅದೂ ಹೋಯಿತು. ಲೆಕ್ಕದವನಲ್ಲವೇ ನೋಡು ಎಂದು ಒಮ್ಮೆ ನನ್ನ ಕೈಗಿಟ್ಟರು: ಮಡಿಕೆಯ ಗೆರೆಯಲ್ಲಿ ಹರಿದ ಕಾಗದ, ಲಾರಿಯ ಸಂಖ್ಯೆ, ಮಾಸಿದ ನೇರಳೆ ಮೊಹರು. ಹಿಂದಿರುಗಿಸಿದ ದಿನಾಂಕದ ಜಾಗ ಖಾಲಿ. ಲಾರಿ ಮಸಾಕಾದ ಆಚೆ ಎಲ್ಲೋ ಉಳಿಯಿತು, ಇವರು ಸಂಬಳದ ಚಾಲಕರಾದರು. ಯುದ್ಧಕ್ಕೆ ಆ ಬಡ ದೇಶ ಸುಮಾರು 50 ಕೋಟಿ ಡಾಲರ್ ಸುರಿಯಿತು. ಬೇರೆ ಕಾರಣಗಳೂ ಸೇರಿಕೊಂಡು ಮುಂದಿನ ವರ್ಷಗಳಲ್ಲಿ ಸಾಬೂನು, ಸಕ್ಕರೆಗೂ ಸಾಲು ನಿಲ್ಲಬೇಕಾಯಿತು. ಯುದ್ಧ ತಪ್ಪಾಗಿತ್ತೇ ಎಂದು ಕೇಳಿದೆ. ಅವರಿಗೆ ಸಿಟ್ಟೇ ಬಂತು. ‘ಹೊಡೆದದ್ದು ಸರಿ. ಆದರೆ ಅವನು ಜೆಡ್ಡಾದಲ್ಲಿ ಆರಾಮವಾಗಿದ್ದಾನೆ, ನನ್ನ ಲಾರಿ ಎಲ್ಲಿ?’ ಎಂದರು. ಅಮೀನ್ ಆಗ ಬದುಕಿದ್ದ; ಸತ್ತದ್ದು 2003ರಲ್ಲಿ, ಜೆಡ್ಡಾದ ಆಸ್ಪತ್ರೆಯ ಹಾಸಿಗೆಯಲ್ಲಿ.

ಅದೇ 2003ರ ಇರಾಕ್ ಯುದ್ಧವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಸದ್ದಾಂ 1988ರಲ್ಲಿ ಹಲಬ್ಜಾದಲ್ಲಿ ವಿಷಾನಿಲ ಹಾಕಿ ಸಾವಿರಾರು ಕುರ್ದರನ್ನು ಕೊಂದ. ಆಗ ಅವನು ಇರಾನ್ ವಿರುದ್ಧ ಬೇಕಾದವನು, ಅಮೆರಿಕ ಅವನ ಬೆನ್ನಿಗಿತ್ತು. ಹದಿನೈದು ವರ್ಷದ ಮೇಲೆ ಮುಂದಿಟ್ಟ ಕಾರಣ ಸಮೂಹ ನಾಶದ ಅಸ್ತ್ರಗಳು. ಹುಡುಕಿದರೆ ಅವು ಸಿಗಲೇ ಇಲ್ಲ. ಮ್ಜೀ ಮಡಿಸುತ್ತಿದ್ದ ಮೊದಲ ಬೆರಳೇ ಸುಳ್ಳು. ಬಾಗ್ದಾದ್ ಬಿದ್ದ ಮರು ತಿಂಗಳು ಇರಾಕಿನ ಸೈನ್ಯವನ್ನೇ ವಿಸರ್ಜಿಸಿ, ಬಂದೂಕು ಹಿಡಿಯಲು ಗೊತ್ತಿದ್ದ ಲಕ್ಷಾಂತರ ಗಂಡಸರನ್ನು ಸಂಬಳವಿಲ್ಲದೆ ಬೀದಿಗೆ ಬಿಟ್ಟರು. ಅಮೆರಿಕ ಕೇಳಿದರೂ ನಮ್ಮ ಸೈನಿಕರನ್ನು ಅಲ್ಲಿಗೆ ಕಳುಹಿಸದಿರಲು ಆ ಜುಲೈನಲ್ಲಿ ವಾಜಪೇಯಿ ಸರ್ಕಾರ ತೀರ್ಮಾನಿಸಿದ್ದು ನಮ್ಮ ಪುಣ್ಯ.

1971ರ ಬಾಂಗ್ಲಾದೇಶದ ಮಾತು ಏಕೆ ಎತ್ತಲಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಒಪ್ಪುತ್ತೇನೆ, ಒಂದು ಕೋಟಿ ನಿರಾಶ್ರಿತರು ಬಂದಿದ್ದರು, ಡಿಸೆಂಬರ್ 3ರಂದು ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿತ್ತು. ಆದರೆ ಅಲ್ಲಿ ಜನ ಮತ ಹಾಕಿ ಆರಿಸಿದ್ದ ನಾಯಕ ಸಿದ್ಧವಾಗಿದ್ದರು, ನಮ್ಮ ಸೈನ್ಯ 1972ರ ಮಾರ್ಚ್‌ನಲ್ಲೇ ವಾಪಸ್ ಬಂತು. ಅಂಥ ಅನುಕೂಲ ನ್ಯೆರೇರೆಗೆ ಇರಲಿಲ್ಲ. ಕಂಪಾಲಾ ಬೀಳುವ ಎರಡೇ ವಾರ ಮುಂಚೆ ತಾಂಜಾನಿಯಾದ ಮೋಶಿ ಪಟ್ಟಣದಲ್ಲಿ ದೇಶಭ್ರಷ್ಟರ ಹತ್ತಾರು ಗುಂಪುಗಳನ್ನು ಸೇರಿಸಿ, ಲೂಲೆಯವರ ಹೆಸರಿಗೆ ಹೇಗೋ ಒಪ್ಪಿಸಿದ್ದರು. ಗದ್ದುಗೆ ಖಾಲಿಯಾದ ಮೇಲೆ ಯಾರು ಕೂರಬೇಕು ಎಂಬುದಕ್ಕೆ ಅವರ ಬಳಿ ಇದ್ದ ಉತ್ತರ ಅಷ್ಟೇ.