ಅಮ್ಮನ ಓದು ಸಂಘದಿಂದಲೇ ಶುರುವಾಗಲಿ
52 ವರ್ಷದ ಅಮ್ಮ ಇನ್ನೂ ಹೆಬ್ಬೆಟ್ಟು ಒತ್ತುತ್ತಾರೆ, ಈಗ ಎಲ್ಲಿ ಕಲಿಸೋದು ಅಂತ ಕೇಳಿದ್ದೀರಿ. ಅವರು ಸ್ತ್ರೀಶಕ್ತಿ ಸಂಘದಲ್ಲಿದ್ದರೆ ಅಲ್ಲೇ ಶುರು ಮಾಡಿ. ನಮ್ಮಮ್ಮ ಕಲಿತದ್ದು ಅಆಇಈಯಿಂದ ಅಲ್ಲ, ಸಂಘದ ಪಾಸ್‌ಬುಕ್‌ನಿಂದ. ಮೊದಲು ತಮ್ಮ ಹೆಸರು, ಆಮೇಲೆ ಕಟ್ಟಿದ ದುಡ್ಡು, ಉಳಿದ ಸಾಲ. ಒಂದು ವಾರ ಲೆಕ್ಕದಲ್ಲಿ 20 ರೂಪಾಯಿ ತಪ್ಪು ಹಿಡಿದರು ನೋಡಿ, ಆಮೇಲೆ ಅವರನ್ನು ಹಿಡಿಯೋರೇ ಇಲ್ಲ!

ಸರ್ಕಾರದ ‘ಉಲ್ಲಾಸ್’ ಕಾರ್ಯಕ್ರಮವೂ ಇದೆ, 2022ರಲ್ಲಿ ಬಂದದ್ದು. 15 ದಾಟಿದ, ಓದು ಬಾರದ ಯಾರಾದರೂ ಸೇರಬಹುದು. ಕಲಿಸುವವರು ಸ್ವಯಂಸೇವಕರು. ಕೊನೆಗೆ 150 ಅಂಕದ ಪರೀಕ್ಷೆ: ಓದು, ಬರಹ, ಲೆಕ್ಕ ತಲಾ 50. ಪರೀಕ್ಷೆಯ ಸುದ್ದಿ ಮಾತ್ರ ಈಗಲೇ ಎತ್ತಬೇಡಿ, ಸುಮ್ನೆ ಹೆದರುತ್ತಾರೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿ.

ಹಾಂ, ಮೊದಲು ಕಣ್ಣು ತೋರಿಸಿ. ಆ ವಯಸ್ಸಿಗೆ ಹತ್ತಿರದ ಅಕ್ಷರ ಮಂಜಾಗುತ್ತದೆ, ಅಲ್ವಾ? ‘ತಲೆಗೆ ಹತ್ತಲ್ಲ’ ಅಂತ ನಮ್ಮಮ್ಮ ಅಂದದ್ದು ಕನ್ನಡಕ ಬರುವವರೆಗೆ ಮಾತ್ರ.