ಜೆಲ್ ಮೇಲೆ ಒಂದೇ ಗೆರೆ ಕಂಡರೆ ಸಾಲದು

ಪ್ರಿಯ ಲೇಖಕರೇ,

ಚಿಕ್ಕಮಗಳೂರಿನಿಂದ ನೀವು ಕಳಿಸಿದ ‘ಕೊಬ್ಬು ಹೊರುವ ಪ್ರೋಟೀನು’ ಲೇಖನ ಓದಿದೆ. ನೀರಿನಲ್ಲಿ ಕರಗದ ಕೊಬ್ಬಿನಾಮ್ಲ ಜೀವಕೋಶದೊಳಗೆ ಓಡಾಡಲು ಎಫ್‌ಎಬಿಪಿ4ನಂಥ ಪ್ರೋಟೀನು ಯಾಕೆ ಬೇಕೆಂದು ವಿವರಿಸುವ ಮೊದಲ ಪುಟ ಚೆನ್ನಾಗಿದೆ. ಭಾಷೆಯೂ ತಿಳಿಯಾಗಿದೆ. ನನಗೆ ತಕರಾರಿರುವುದು, ಆ ಪ್ರೋಟೀನನ್ನು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಶುದ್ಧಮಾಡಿದ್ದನ್ನು ಹೇಳುವ ಮೂರನೇ ಪುಟದ ಎರಡು ವಾಕ್ಯಗಳ ಬಗ್ಗೆ.

“ಜೆಲ್ ಮೇಲೆ 15 ಕಿಲೋಡಾಲ್ಟನ್ ಬಳಿ ಒಂದೇ ಗೆರೆ ಬಂದಿದ್ದರಿಂದ ಪ್ರೋಟೀನು ಸಂಪೂರ್ಣ ಶುದ್ಧ” ಎಂದು ಬರೆದಿದ್ದೀರಿ. ಜೆಲ್ ಪ್ರೋಟೀನುಗಳನ್ನು ಅಣುತೂಕದ (ಕಿಲೋಡಾಲ್ಟನ್) ಪ್ರಕಾರ ಬೇರ್ಪಡಿಸಿ ಗೆರೆಗಳಾಗಿ ತೋರಿಸುತ್ತದೆ; ಗೆರೆ ಕಾಣಲು ಹಾಕುವ ಕೂಮಾಸಿ ಬಣ್ಣ ಹಿಡಿಯುವುದು ಪ್ರೋಟೀನನ್ನು ಮಾತ್ರ. ಎಫ್‌ಎಬಿಪಿ4ರ ಕೆಲಸವೇ ಕೊಬ್ಬಿನಾಮ್ಲ ಹಿಡಿಯುವುದು. ಇ. ಕೊಲೈ ಒಳಗೆ ತಯಾರಾಗುವಾಗಲೇ ಅದು ಆ ಬ್ಯಾಕ್ಟೀರಿಯಾದ ಕೊಬ್ಬಿನಾಮ್ಲವನ್ನು ಹೊಟ್ಟೆಯೊಳಗೆ ತುಂಬಿಕೊಂಡು, ಪ್ರೋಟೀನನ್ನು ಹಿಡಿದು ಬೇರ್ಪಡಿಸುವ ನಿಕ್ಕಲ್ ಕಾಲಂ ದಾಟಿಯೂ ಬಿಡದೆ ಬರುತ್ತದೆ. ನಮ್ಮೂರ ಡೇರಿಯಲ್ಲಿ ಲ್ಯಾಕ್ಟೋಮೀಟರ್ ನೋಡಿ ಫ್ಯಾಟ್ ಇಷ್ಟೆಂದು ಯಾರೂ ಬರೆದುಕೊಳ್ಳುವುದಿಲ್ಲ, ಫ್ಯಾಟಿಗೆ ಬೇರೆ ಪರೀಕ್ಷೆ ಇದೆ. ಇಲ್ಲಿಯೂ ಹಾಗೆಯೇ. ಜಾಗ ಮೊದಲೇ ಭರ್ತಿಯಾಗಿದ್ದರೆ ಬಂಧನ ಅಳೆಯಲು ನೀವು ಹಾಕುವ ಓಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಎಲ್ಲಿ ಕೂರಬೇಕು? ನಿಮ್ಮ ಕೋಷ್ಟಕದಲ್ಲಿ ಬಂಧನ ದುರ್ಬಲವಾಗಿ ಕಂಡಿರುವುದಕ್ಕೆ ಇದೇ ಕಾರಣವಿರಬಹುದು. ಕೊಬ್ಬು ಹೀರುವ ಲಿಪಿಡೆಕ್ಸ್-1000 ಕಾಲಂ ಮೂಲಕ 37 ಡಿಗ್ರಿಯಲ್ಲಿ ಹಾಯಿಸಿ ಕೊಬ್ಬು ಕಳೆಯಬೇಕು. ತಣ್ಣಗಿನ ಕೋಣೆಯಲ್ಲಿ ಮಾಡಿದರೆ ಕೊಬ್ಬಿನಾಮ್ಲ ಸಲೀಸಾಗಿ ಕಳಚುವುದಿಲ್ಲ. ಆಮೇಲೆ, ಖಾಲಿಯಾದ ಜಾಗದಲ್ಲಿ ಕೂತಾಗ ಹೊಳೆಯುವ ಎಎನ್‌ಎಸ್ ಬಣ್ಣ ಹಾಕಿ, ಕಾಲಂಗೆ ಮೊದಲು ಮತ್ತು ನಂತರ ಹೊಳಪು ಎಷ್ಟೆಂದು ಎರಡೂ ಅಂಕಿ ಕೊಡಿ.

ಎರಡನೆಯದು ಇನ್ನೂ ಗಂಭೀರ. “ಈ ಪ್ರೋಟೀನನ್ನು ಮ್ಯಾಕ್ರೋಫೇಜ್‌ಗಳಿಗೆ ಹಾಕಿದಾಗ ಟಿಎನ್‌ಎಫ್-ಆಲ್ಫಾ ಏರಿತು, ಹೀಗಾಗಿ ಎಫ್‌ಎಬಿಪಿ4 ಉರಿಯೂತ ತರುತ್ತದೆ.” ಮ್ಯಾಕ್ರೋಫೇಜ್ ಎಂದರೆ ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶ, ಟಿಎನ್‌ಎಫ್-ಆಲ್ಫಾ ಅದು ಸೂಸುವ ಉರಿಯೂತದ ಸಂಕೇತ, ಸರಿ. ಆದರೆ ಈ ‘ಹೀಗಾಗಿ’ಯನ್ನು ನಾನು ಒಪ್ಪುವುದಿಲ್ಲ. ಇ. ಕೊಲೈಯ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಪ್ರೋಟೀನಿನ ಜೊತೆಗೇ ಬರುತ್ತದೆ, ಅದೂ ಜೆಲ್ ಮೇಲೆ ಕಾಣುವುದಿಲ್ಲ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಇದ್ದರೂ ಮ್ಯಾಕ್ರೋಫೇಜ್ ಕೆರಳಲು ಸಾಕು. ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡಿ, ಮೈಕ್ರೋಗ್ರಾಂ ಪ್ರೋಟೀನಿಗೆ ಅದು 0.1 ಯೂನಿಟ್‌ಗಿಂತ ಕೆಳಗಿದೆಯೆಂದು ತೋರಿಸಿ. ಹೆಚ್ಚಿದ್ದರೆ ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕವನ್ನು ಶೇ. 1ರಷ್ಟು ಬೆರೆಸಿ, 4 ಡಿಗ್ರಿಯಲ್ಲಿ ಅರ್ಧ ಗಂಟೆ ಅಲುಗಾಡಿಸಿ, 37 ಡಿಗ್ರಿಗೆ ತಂದು ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರಿನ ಪದರ ತೆಗೆದುಕೊಳ್ಳಿ. ಒಂದು ಸಲಕ್ಕೆ ಮುಗಿಯುವುದು ಅಪರೂಪ. ಉಳಿದ ಟ್ರೈಟಾನನ್ನು ಬಯೋಬೀಡ್ಸ್ ಎಂಬ ಮಾರ್ಜಕ ಹೀರುವ ಮಣಿಗಳಿಂದ ತೆಗೆಯದಿದ್ದರೆ ಮುಂದೆ ಎಎನ್‌ಎಸ್ ಅದರಲ್ಲೇ ಹೊಳೆದು ಸುಳ್ಳು ಲೆಕ್ಕ ಕೊಡುತ್ತದೆ. ಆದ್ದರಿಂದ ಮೊದಲು ಎಂಡೋಟಾಕ್ಸಿನ್, ಆಮೇಲೆ ಕೊಬ್ಬು, ಈ ಕ್ರಮ ತಪ್ಪಬಾರದು.

ನಾನು ಕೆಲಸ ಕಲಿತ ಪ್ರಯೋಗಾಲಯದಲ್ಲಿ ಯಾರು ಯಾವ ಅಂಕಿ ತಂದರೂ ನಮ್ಮ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು “ಬ್ಲ್ಯಾಂಕ್ ಯಾವುದು?” ಎಂದು. ಬ್ಲ್ಯಾಂಕ್ ಎಂದರೆ ಪ್ರೋಟೀನು ಬಿಟ್ಟು ಉಳಿದೆಲ್ಲವೂ ಇರುವ, ಹೋಲಿಕೆಗೆ ಇಟ್ಟ ದ್ರಾವಣ. ನಿಕ್ಕಲ್ ಕಾಲಂನಿಂದ ಪ್ರೋಟೀನು ಬಿಡಿಸಲು ಹಾಕುವ ಇಮಿಡಜೋಲ್ 250 ಮಿಲಿಮೋಲಾರ್ ಇರುವ ದ್ರಾವಣವನ್ನು ಬರೀ ನೀರಿನ ಎದುರು 280 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದರೆ ಇಮಿಡಜೋಲ್ ಕೂಡ ಪ್ರೋಟೀನಿನ ಲೆಕ್ಕಕ್ಕೇ ಸೇರುತ್ತದೆ. ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತೇನೆ: ನಿಮ್ಮ ಮ್ಯಾಕ್ರೋಫೇಜ್ ಪ್ರಯೋಗಕ್ಕೆ ಬ್ಲ್ಯಾಂಕ್ ಯಾವುದು? ಬರೀ ಬಫರ್ ಸಾಲದು. ಎಫ್‌ಎಬಿಪಿ4 ಜೀನ್ ಇಲ್ಲದ ಖಾಲಿ ಪ್ಲಾಸ್ಮಿಡ್ (ಜೀನ್ ಹೊರುವ ಡಿಎನ್‌ಎ ಉಂಗುರ) ಹೊತ್ತ ಬ್ಯಾಕ್ಟೀರಿಯಾವನ್ನೂ ಅದೇ ಕಾಲಂ, ಅದೇ ಬಫರ್‌ಗಳಲ್ಲಿ ಹಾಯಿಸಿ ಬಂದದ್ದನ್ನು ಮ್ಯಾಕ್ರೋಫೇಜ್ ಬೆಳೆಸಿದ ತಟ್ಟೆಯ ಒಂದು ಕುಳಿಗೆ ಹಾಕಿ. ಇನ್ನೊಂದಕ್ಕೆ ಪ್ರೋಟೀನನ್ನು ತುಂಡರಿಸುವ ಪ್ರೋಟೀನೇಸ್-ಕೆ ಹಾಕಿ ಅರಗಿಸಿ, ಬಳಿಕ ಕುದಿಸಿದ ಪ್ರೋಟೀನು. ಮತ್ತೊಂದಕ್ಕೆ ಪ್ರೋಟೀನಿನ ಜೊತೆ ಎಂಡೋಟಾಕ್ಸಿನ್‌ಗೆ ಅಂಟಿ ಅದನ್ನು ಸುಮ್ಮನಾಗಿಸುವ ಪಾಲಿಮಿಕ್ಸಿನ್-ಬಿ. ಅರಗಿಸಿದ ಮೇಲೂ ಟಿಎನ್‌ಎಫ್ ಏರಿ, ಪಾಲಿಮಿಕ್ಸಿನ್ ಹಾಕಿದಲ್ಲಿ ಇಳಿದರೆ ಅದು ಎಂಡೋಟಾಕ್ಸಿನ್ ಕೆಲಸ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮನ್ನು ಓದುವವರಲ್ಲಿ ಇಲ್ಲಿ ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕ್ಯಾಂಪಸ್‌ನಲ್ಲಿ ಎಂಎಸ್ಸಿ ಮಾಡುವ ಹುಡುಗ ಹುಡುಗಿಯರಿದ್ದಾರೆ. ಕನ್ನಡದಲ್ಲಿ ಇಂಥದ್ದು ಸಿಗುವುದೇ ಕಡಿಮೆ, ಸಿಕ್ಕಿದ್ದನ್ನು ಅವರು ಅಕ್ಷರಶಃ ನಂಬಿ ಮಾಡುತ್ತಾರೆ. ಬ್ಯಾಕ್ಟೀರಿಯಾಗೆ ಪ್ರೋಟೀನು ತಯಾರಿಸಲು ಸೂಚನೆ ಕೊಡುವ ರಾಸಾಯನಿಕದ ಬಗ್ಗೆ “ಸೂಕ್ತ ಪ್ರಮಾಣದ ಐಪಿಟಿಜಿ” ಎಂದರೆ ಅವರು ಎಷ್ಟು ಹಾಕಬೇಕು? ಓಡಿ (ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆಯೆಂಬ ಅಳತೆ) 0.6 ಆದಾಗ, 18 ಡಿಗ್ರಿಗೆ ಇಳಿಸಿ, 0.2 ಮಿಲಿಮೋಲಾರ್, ರಾತ್ರಿಯಿಡೀ ಎಂದು ಬರೆಯಿರಿ. ಅಥವಾ ನೀವು ನಿಜಕ್ಕೂ ಹಾಕಿದ್ದು ಬೇರೆಯಿದ್ದರೆ ಅದನ್ನೇ.

ಕೊನೆಯ ಪ್ಯಾರಾದ ರಕ್ತದ ಕೊಬ್ಬನ್ನು ಒಡೆಯುವ ಲೈಪೊಪ್ರೋಟೀನ್ ಲೈಪೇಸ್ ಈ ಲೇಖನಕ್ಕೆ ಬೇಡ. ಅದಕ್ಕೆ ಸಕ್ಕರೆ ಸರಪಳಿ ಅಂಟಬೇಕು, ಮಡಚಿಕೊಳ್ಳಲು ಎಲ್‌ಎಂಎಫ್1 ಎಂಬ ಸಹಾಯಕ ಪ್ರೋಟೀನಿನ ನೆರವು ಬೇಕು. ಇ. ಕೊಲೈಯಲ್ಲಿ ಇವೆರಡೂ ಇಲ್ಲ. “ಇದೇ ವಿಧಾನದಲ್ಲಿ ಅದನ್ನೂ ತಯಾರಿಸಬಹುದು” ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಉಳಿದದ್ದನ್ನು ತಿದ್ದಿ ಕಳಿಸಿ, ತೂಕ ಗುರುತಿಸುವ ಲ್ಯಾಡರ್ ಸಹಿತ ಇಡೀ ಜೆಲ್ಲಿನ ಚಿತ್ರವೂ ಇರಲಿ.

— ಸಂಪಾದಕ, ಹಾಸನ