ಸಿಂಪ್ಸನ್ಸ್‌ನ ಒಂದೇ ಒಂದು ಎಪಿಸೋಡ್ ತೋರಿಸೋದಾದರೆ ಯಾವುದು?

ಹೆಂಡತಿಗೆ ಕಾರ್ಟೂನ್ ಅಂದರೆ ಅಲರ್ಜಿ, ಒಂದೇ ಒಂದು ಎಪಿಸೋಡ್ ನೋಡೋಕೆ ಒಪ್ಪಿದ್ದಾರೆ, 'ಸಿಂಪ್ಸನ್ಸ್' ಅನ್ನುವ ಅಮೆರಿಕದ ಕಾರ್ಟೂನ್ ಧಾರಾವಾಹಿಯ 35ಕ್ಕೂ ಜಾಸ್ತಿ ಸೀಸನ್‌ಗಳಲ್ಲಿ ಯಾವುದನ್ನು ಹಾಕಲಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು 'ಆ್ಯಂಡ್ ಮ್ಯಾಗಿ ಮೇಕ್ಸ್ ತ್ರೀ' ಹಾಕಿ. ಆರನೇ ಸೀಸನ್‌ನದು, 1995ರ ಜನವರಿ 22ರಂದು ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಬಂದಿದ್ದು. ಬರೆದವರು ಜೆನಿಫರ್ ಕ್ರಿಟೆಂಡನ್.

ಊರಿಗೆ ಮೊನೊರೈಲ್ ಬರುವ ಎಪಿಸೋಡ್ ಹಾಕಿ ಅನ್ನುವವರೂ ಸಿಗುತ್ತಾರೆ. ಅದು ಇದಕ್ಕಿಂತ ಜಾಸ್ತಿ ನಗಿಸುತ್ತದೆ, ಒಪ್ಪಿದೆ. ಆದರೆ ಅದರ ಮಜಾ ಸಿಗಬೇಕಾದರೆ ಆ ಊರಿನ ಜನ ಸ್ವಲ್ಪ ಪರಿಚಯ ಇರಬೇಕು. ಇದಕ್ಕೆ ಅಪ್ಪ, ಅಮ್ಮ, ಮೂರು ಮಕ್ಕಳು ಅಂತ ಗೊತ್ತಿದ್ದರೆ ಸಾಕು.

ಮುಂದಿನದನ್ನು ಮನೆಯವರಿಗೆ ಓದಿಸಬೇಡಿ. ಆಲ್ಬಮ್‌ನಲ್ಲಿ ಕೊನೆಯ ಮಗು ಮ್ಯಾಗಿಯ ಫೋಟೊ ಒಂದೂ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಅಪ್ಪ ಹೋಮರ್ ಹಳೇ ಕಥೆ ಶುರು ಮಾಡುತ್ತಾನೆ. ಸಾಲ ತೀರಿದ ಖುಷಿಯಲ್ಲಿ ಅಣುಸ್ಥಾವರದ ಕೆಲಸ ಬಿಟ್ಟ, ಹೋಗುವಾಗ ಸುಮ್ನೆ ಹೋಗದೆ ಮಾಲೀಕ ಬರ್ನ್ಸ್‌ನ ತಲೆಯನ್ನು ತಬಲಾ ಥರ ಬಾರಿಸಿ ಹೋದ. ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಕೇಂದ್ರದಲ್ಲಿ ಇಷ್ಟದ ಕೆಲಸ ಸಿಕ್ಕಿತು. ಅಷ್ಟರಲ್ಲಿ ಹೆಂಡತಿ ಮಾರ್ಜ್ ಬಸುರಿ. ಊರವರೆಲ್ಲ ಬಂದು ಅವಳಿಗೆ ಶುಭಾಶಯ ಹೇಳಿದರೂ ಇವನಿಗೆ ಏನೂ ಹೊಳೆಯುವುದಿಲ್ಲ. ಪಕ್ಕದ ಮನೆಯಾಕೆ 'ಹೊಸ ಕೆಲಸ ಸಿಕ್ಕಿತಂತೆ' ಅಂದಾಗ, 'ಹೊಸ ಕೆಲಸವಾ? ಅಂದರೆ ಮಾರ್ಜ್ ಬಸುರಿ!' ಅಂತ ಕಿರುಚುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಇಲ್ಲಿ ನಗು ತಡೆಯೋಕೆ ಆಗುವುದಿಲ್ಲ.

ಸಂಬಳ ಸಾಲದು. ಹಳೇ ಕೆಲಸಕ್ಕೇ ವಾಪಸ್. ಅಲ್ಲಿ ಅರ್ಜಿ ಹಾಕುವವರಿಗೆ ಒಂದು ಬಾಗಿಲು, ಅಂಗಲಾಚುವವರಿಗೆ ಅದರ ಪಕ್ಕ ಒಂದು ಪುಟ್ಟ ಬಾಗಿಲು. ಇವನು ತೆವಳಿಕೊಂಡು ಒಳಗೆ ಹೋಗಬೇಕು. ನಾನು ಇದನ್ನು ಅಮ್ಮನ ಜೊತೆ ನೋಡಿದ್ದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಈ ಬಾಗಿಲಿಗೆ ಮಾತ್ರ ನನ್ನ ಅನುವಾದ ಬೇಕಾಗಲಿಲ್ಲ. 'ಸಾಲ ಕೇಳೋಕೆ ಹೋದಾಗ ನಾನೂ ಇಂಥದ್ದರಲ್ಲೇ ನುಗ್ಗಿದ್ದೆ' ಅಂತ ನಕ್ಕರು.

ತೊಂದರೆ ಆಗಿದ್ದು ಕೊನೆಯಲ್ಲಿ. ಬರ್ನ್ಸ್ ಅವನ ಕಣ್ಣೆದುರಿಗೇ ಒಂದು ಫಲಕ ಹಾಕಿಸಿರುತ್ತಾನೆ: 'ಡೋಂಟ್ ಫರ್ಗೆಟ್: ಯು ಆರ್ ಹಿಯರ್ ಫಾರೆವರ್'. ಮರೀಬೇಡ, ಸಾಯುವವರೆಗೂ ನೀನು ಇಲ್ಲೇ ಅಂತ. ಮ್ಯಾಗಿಯ ಫೋಟೊಗಳೆಲ್ಲ ಇರುವುದು ಅಲ್ಲಿ. ಹೋಮರ್ ಅವನ್ನು ಅಕ್ಷರಗಳ ಮೇಲೆ ಎಲ್ಲಿ ಬೇಕೋ ಅಲ್ಲಿ ಅಂಟಿಸಿದ್ದಾನೆ. ಫರ್ಗೆಟ್‌ನಲ್ಲಿ ಫಾರ್ ಉಳಿದಿದೆ, ಹಿಯರ್‌ನಲ್ಲಿ ಹರ್ ಉಳಿದಿದೆ. ಈಗ ಓದಿದರೆ 'ಡು ಇಟ್ ಫಾರ್ ಹರ್'. ಫಲಕ ಕಿತ್ತು ಹಾಕಿಲ್ಲ, ಕೆಲಸ ಬದಲಾಗಿಲ್ಲ, ಬರ್ನ್ಸ್ ಕೂಡ ಬದಲಾಗಿಲ್ಲ. ಆ ಗೋಡೆಯೊಂದರಲ್ಲೇ ಮಕ್ಕಳ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ.

ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಪೇಪರ್ ತೆಗೆದುಕೊಂಡು ಕನ್ನಡದಲ್ಲಿ ಅಂಥದ್ದೇ ಸಾಲು ಕಟ್ಟೋಕೆ ಹೋದೆ. 'ಮರೀಬೇಡ'ದ ಮ ಉಳಿಸಿ, ಇನ್ನೆಲ್ಲಿಂದಲೋ ಗ ತಂದು 'ಮಗಳಿಗಾಗಿ' ಮಾಡಬೇಕು ಅಂತ ಆಸೆ. ನಮ್ಮ ಲಿಪಿಯಲ್ಲಿ ಅದು ಸುಲಭವಲ್ಲ. ಒಂದು ಕಡೆ ಮುಚ್ಚಿದರೆ ಕೆಳಗೆ ಒತ್ತಕ್ಷರ ಇಣುಕುತ್ತದೆ, ಇನ್ನೊಂದು ಕಡೆ ಕೊಂಬು. ಹತ್ತು ನಿಮಿಷ ಒದ್ದಾಡಿ, 'ಅವಳಿಗೋಸ್ಕರ ಮಾಡು ಅಂತ ಬರುತ್ತೆ ಅಮ್ಮ' ಅಂದೆ.

ಅಮ್ಮ ಪರದೆ ಮೇಲೆ ನಿಂತಿದ್ದ ಆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: 'ಎಲ್ಲಾ ತಗೊಂಡು ಹೋಗಿ ಆಫೀಸಿಗೇ ಅಂಟಿಸಿದ್ನಾ? ಆ ಹೆಂಗಸಿಗೆ ಒಂದಾದ್ರೂ ಬಿಡಬಾರದಿತ್ತಾ?'